ಖರ್ಜೂರದ ಪೆಟ್ಟಿಗೆ ಮೇಲಿನ ಪಿನ್‌ಕೋಡ್

(ಕಾನೂನು ಮತ್ತು ವಾಣಿಜ್ಯ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಓಟವನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳಿವೆ. ವಿವರಗಳೆಲ್ಲ 2025ರ ಕೊನೆಯವರೆಗಿನವು.)

ಎಲ್ಲರಿಗೂ ನಮಸ್ಕಾರ.

ಇಸ್ರೇಲ್, ಪ್ಯಾಲೆಸ್ಟೀನ್, ಯುರೋಪ್ ಅಂತ ವಿಷಯ ಹಾಕಿದ ಕೂಡಲೇ ಯುದ್ಧದ ಮಾತು ಅಂದುಕೊಂಡು ಬಂದಿರುತ್ತೀರಿ. ನಾನು ಮಾತಾಡುವುದು ಅದರಲ್ಲಿ ಒಂದು ಸಣ್ಣ ತುಂಡಿನ ಬಗ್ಗೆ. ಕಸ್ಟಮ್ಸ್ ಬಗ್ಗೆ. ಬೇಜಾರಿನ ವಿಷಯ ಅನ್ನಿಸಬಹುದು. ಆದರೆ ದೊಡ್ಡ ದೊಡ್ಡ ಮಂತ್ರಿಗಳು ಎಳೆಯಲಾಗದ ಗಡಿಯನ್ನು ಒಬ್ಬ ಕಸ್ಟಮ್ಸ್ ಗುಮಾಸ್ತ ದಿನಾ ಎಳೆಯುತ್ತಾನೆ. ಅದು ಹೇಗೆ ಅಂತ ನೋಡೋಣ.

ಮೊದಲು ಎಲ್ಲರೂ ಒಪ್ಪಿರುವ ವಿಷಯ. 1967ರ ಯುದ್ಧದಲ್ಲಿ ಇಸ್ರೇಲ್ ವೆಸ್ಟ್ ಬ್ಯಾಂಕ್, ಪೂರ್ವ ಜೆರುಸಲೇಂ, ಗಾಜಾ, ಗೋಲನ್ ಗುಡ್ಡಗಳನ್ನು ಹಿಡಿಯಿತು. ವೆಸ್ಟ್ ಬ್ಯಾಂಕ್ ಮತ್ತು ಪೂರ್ವ ಜೆರುಸಲೇಂನಲ್ಲಿ ಇವತ್ತು ಸುಮಾರು 7 ಲಕ್ಷ ಇಸ್ರೇಲಿಗಳು ವಸಾಹತು ಕಟ್ಟಿಕೊಂಡು ವಾಸವಾಗಿದ್ದಾರೆ. ಈ ವಸಾಹತುಗಳು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಅನ್ನುವುದು ಐರೋಪ್ಯ ಒಕ್ಕೂಟದ ಅಧಿಕೃತ ನಿಲುವು. ಹಂಗೇರಿ ಇರಲಿ, ಐರ್ಲೆಂಡ್ ಇರಲಿ, ಕಾಗದದ ಮೇಲೆ 27 ದೇಶಗಳಿಗೂ ಇದೇ ನಿಲುವು. ಇಸ್ರೇಲ್ ಸರ್ಕಾರ ಇದನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಅದು ವಿವಾದಿತ ಜಾಗ, ಆಕ್ರಮಿತ ಜಾಗ ಅಲ್ಲ.

ಹಾಗಾದರೆ ಒಕ್ಕೂಟದೊಳಗೆ ಜಗಳ ಯಾಕೆ? ಅಕ್ರಮ ಅಂತ ಎಲ್ಲರೂ ಒಪ್ಪಿದ ಮೇಲೆ ಅಲ್ಲಿಂದ ಬರುವ ಸರಕನ್ನು ಬೇಡ ಅನ್ನಲು ಏನು ಕಷ್ಟ? ನನ್ನ ಪ್ರಕಾರ ಜಗಳ ಇರುವುದು ಹೌದು-ಅಲ್ಲ ಅನ್ನುವುದರಲ್ಲಿ ಅಲ್ಲವೇ ಅಲ್ಲ. ಯಾವ ನಿಯಮದ ಕೆಳಗೆ ಈ ಪ್ರಶ್ನೆಯನ್ನು ಮತಕ್ಕೆ ಹಾಕಬೇಕು ಅನ್ನುವುದರಲ್ಲಿದೆ. ಅದು ತೀರ್ಮಾನವಾದರೆ ಯಾರಿಗೆ ತಡೆಯುವ ಶಕ್ತಿ ಇದೆ ಅನ್ನುವುದೂ ತೀರ್ಮಾನವಾಗುತ್ತದೆ.

ಆ ಗುಮಾಸ್ತನ ಕಥೆಗೆ ಬರುತ್ತೇನೆ.

ಒಕ್ಕೂಟ ಮತ್ತು ಇಸ್ರೇಲ್ ನಡುವೆ 1995ರಲ್ಲಿ ಸಹಭಾಗಿತ್ವ ಒಪ್ಪಂದಕ್ಕೆ ಸಹಿ ಬಿತ್ತು. 2000ದ ಜೂನ್‌ನಲ್ಲಿ ಜಾರಿಗೆ ಬಂತು. ಇಸ್ರೇಲಿನ ಹೆಚ್ಚಿನ ಸರಕಿಗೆ ಸುಂಕ ಇಲ್ಲ ಅಥವಾ ಕಡಿಮೆ. ಆದರೆ 83ನೇ ವಿಧಿ ಈ ಒಪ್ಪಂದ ‘ಇಸ್ರೇಲ್ ದೇಶದ ಪ್ರದೇಶಕ್ಕೆ’ ಅನ್ವಯ ಅನ್ನುತ್ತದೆ. ಆ ಪ್ರದೇಶ ಎಲ್ಲಿಗೆ ಮುಗಿಯುತ್ತದೆ ಅಂತ ಒಪ್ಪಂದ ಹೇಳಲಿಲ್ಲ. ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಓದಿಕೊಂಡರು.

2002ರಲ್ಲಿ ಬ್ರಿಟಾ ಅನ್ನುವ ಜರ್ಮನ್ ಕಂಪನಿ ಮನೆಯಲ್ಲೇ ಸೋಡಾ ಮಾಡುವ ಯಂತ್ರ, ಅದರ ಬಿಡಿಭಾಗ, ಸಿರಪ್ ತರಿಸಿತು. ತಯಾರಿಸಿದ್ದು ಈಗ ಸೋಡಾಸ್ಟ್ರೀಮ್ ಅಂತ ನಾವೆಲ್ಲ ಕೇಳಿರುವ ಕಂಪನಿ. ಕಾರ್ಖಾನೆ ಇದ್ದದ್ದು ವೆಸ್ಟ್ ಬ್ಯಾಂಕಿನ ಮಿಶೋರ್ ಅದುಮಿಮ್‌ನಲ್ಲಿ, ಜೆರುಸಲೇಂನ ಪೂರ್ವಕ್ಕೆ. ಹ್ಯಾಂಬರ್ಗ್ ಬಂದರಿನ ಕಸ್ಟಮ್ಸ್‌ನವರಿಗೆ ಅನುಮಾನ ಬಂತು. ಇಸ್ರೇಲಿನ ಕಸ್ಟಮ್ಸ್‌ಗೆ ಕಾಗದ ಬರೆದು ಕೇಳಿದರು, ಇದು ವಸಾಹತುವಿನ ಸರಕಾ ಅಂತ. ‘ನಮ್ಮ ಕಸ್ಟಮ್ಸ್ ವ್ಯಾಪ್ತಿಯ ಜಾಗದಿಂದ ಬಂದದ್ದು’ ಅನ್ನುವ ಅರ್ಥದ ಉತ್ತರ ಬಂತು. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಅನ್ನುತ್ತೇವಲ್ಲ, ಅದು.

ಹ್ಯಾಂಬರ್ಗ್‌ನವರು ಬಿಡಲಿಲ್ಲ. ಸುಂಕ ಕಟ್ಟಿ ಅಂದರು. ಮೊತ್ತ ಸುಮಾರು 19 ಸಾವಿರ ಯೂರೋ. ಅಷ್ಟಕ್ಕೇ ಬ್ರಿಟಾ ಕೋರ್ಟಿಗೆ ಹೋಯಿತು. ಕೇಸು ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯದವರೆಗೆ ಹೋಗಿ 2010ರ ಫೆಬ್ರುವರಿಯಲ್ಲಿ ತೀರ್ಪು ಬಂತು. ವೆಸ್ಟ್ ಬ್ಯಾಂಕಿನ ಸರಕಿಗೆ ಇಸ್ರೇಲ್ ಒಪ್ಪಂದದ ರಿಯಾಯಿತಿ ಇಲ್ಲ. ನ್ಯಾಯಾಲಯ ಹಿಡಿದ ದಾರಿ ಚೆಂದ ಇದೆ. ಒಕ್ಕೂಟಕ್ಕೆ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ಜೊತೆ 1997ರ ಬೇರೆ ಒಪ್ಪಂದ ಇದೆ, ವೆಸ್ಟ್ ಬ್ಯಾಂಕ್ ಮತ್ತು ಗಾಜಾಕ್ಕೆ. ಇಬ್ಬರು ಮಾಡಿಕೊಂಡ ಕರಾರು ಮೂರನೆಯವರನ್ನು ಅವರ ಒಪ್ಪಿಗೆ ಇಲ್ಲದೆ ಕಟ್ಟಿಹಾಕಲು ಬರುವುದಿಲ್ಲ. ಕಾನೂನು ಓದುವವರಿಗೆ ಇದು ಮೊದಲ ವರ್ಷದ ಪಾಠ. ಆಕ್ರಮಣದ ಬಗ್ಗೆ ಒಂದು ಭಾರಿ ಮಾತೂ ಆಡದೆ, ಕರಾರಿನ ಸಾದಾ ನಿಯಮದಿಂದ ನ್ಯಾಯಾಲಯ ಕೆಲಸ ಮುಗಿಸಿತು.

ಅಷ್ಟರಲ್ಲಿ ಒಕ್ಕೂಟ ಮತ್ತು ಇಸ್ರೇಲ್ ಒಂದು ತಾಂತ್ರಿಕ ಏರ್ಪಾಟು ಮಾಡಿಕೊಂಡಿದ್ದವು. 2005ರ ಫೆಬ್ರುವರಿಯಿಂದ ಅದು ನಡೆಯುತ್ತಿದೆ. ಸರಕು ಎಲ್ಲಿಯದು ಅಂತ ಹೇಳುವ ಮೂಲ ಪತ್ರದಲ್ಲಿ ಅದು ತಯಾರಾದ ಊರಿನ ಹೆಸರು ಮತ್ತು ಪಿನ್‌ಕೋಡ್ ಬರೆಯಬೇಕು. ಒಕ್ಕೂಟದ ಕಸ್ಟಮ್ಸ್ ಬಳಿ ರಿಯಾಯಿತಿ ಸಿಗದ ಪಿನ್‌ಕೋಡ್‌ಗಳ ಪಟ್ಟಿ ಇದೆ. ಜೋರ್ಡಾನ್ ಕಣಿವೆಯ ವಸಾಹತುವಿನಿಂದ ಮೆಜೂಲ್ ಖರ್ಜೂರದ ಪೆಟ್ಟಿಗೆ ಬಂತು ಅನ್ನಿ. ಗುಮಾಸ್ತ ಪಿನ್‌ಕೋಡ್ ನೋಡುತ್ತಾನೆ. ಪಟ್ಟಿಯಲ್ಲಿದ್ದರೆ ಪೂರಾ ಸುಂಕ. ಇಲ್ಲದಿದ್ದರೆ ರಿಯಾಯಿತಿ. ಅಂದರೆ ಒಂದು ಗಡಿ ಆಗಲೇ ಇದೆ. ಯಾರೂ ಅದನ್ನು ಗಡಿ ಅಂತ ಕರೆಯುವುದಿಲ್ಲ, ಅಷ್ಟೇ.

ಒಂದು ಮಾತು ಗಮನಿಸಿ. ಪೂರಾ ಸುಂಕ ಕಟ್ಟಿದರೆ ಖರ್ಜೂರ ಒಳಗೆ ಬರುತ್ತದೆ. ನಿಷೇಧ ಇಲ್ಲ. ಬಹಳ ಜನ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ, ಪತ್ರಕರ್ತರೂ ಸೇರಿ.

2015ರ ನವೆಂಬರ್‌ನಲ್ಲಿ ಐರೋಪ್ಯ ಆಯೋಗ, ಅಂದರೆ ಒಕ್ಕೂಟದ ಆಡಳಿತ ನಡೆಸುವ ಅಂಗ, ಲೇಬಲ್ ಬಗ್ಗೆ ಸೂಚನೆ ಹೊರಡಿಸಿತು. ವಸಾಹತುವಿನ ವೈನ್ ಬಾಟಲಿ ಮೇಲೆ ‘ಇಸ್ರೇಲಿನ ಉತ್ಪನ್ನ’ ಅಂತ ಬರೆಯುವ ಹಾಗಿಲ್ಲ. ಬರೀ ‘ವೆಸ್ಟ್ ಬ್ಯಾಂಕ್’ ಅಂದರೂ ಸಾಲದು. ಇಸ್ರೇಲಿ ವಸಾಹತು ಅನ್ನುವುದೂ ಗೊತ್ತಾಗಬೇಕು. ನಾವು ಇದನ್ನು ಪಾಲಿಸುವುದಿಲ್ಲ ಅಂತ ಹಂಗೇರಿ ಆಗಲೇ ಹೇಳಿಬಿಟ್ಟಿತು. ಜೆಕ್ ಸಂಸತ್ತಿನ ಕೆಳಮನೆಯೂ ವಿರೋಧಿಸಿತು. ಪ್ಸಾಗೋತ್ ಅನ್ನುವ ವಸಾಹತುವಿನ ವೈನ್ ಕಂಪನಿ ಫ್ರಾನ್ಸಿನಲ್ಲಿ ಕೇಸು ಹಾಕಿತು. 2019ರ ನವೆಂಬರ್ 12ರಂದು ನ್ಯಾಯಾಲಯ ಲೇಬಲ್ ಕಡ್ಡಾಯ ಅಂದಿತು. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಿರಬೇಕು ಅನ್ನುವುದು ವಾದ. ಇಲ್ಲೂ ರಾಜಕೀಯದ ಕೆಲಸವನ್ನು ಗ್ರಾಹಕ ಕಾನೂನು ಮಾಡಿತು.

ಈಗ ಉಕ್ರೇನಿನ ಕ್ರಿಮಿಯಾ ನೋಡಿ. ರಷ್ಯಾ ಅದನ್ನು ತನ್ನೊಳಗೆ ಸೇರಿಸಿಕೊಂಡದ್ದು 2014ರ ಮಾರ್ಚ್ 18ಕ್ಕೆ. ಅಲ್ಲಿಂದ ಬರುವ ಸರಕಿಗೆ ಒಕ್ಕೂಟದ ನಿಷೇಧ ಬಿದ್ದದ್ದು ಜೂನ್ 23ಕ್ಕೆ. ಮೂರು ತಿಂಗಳು. ಉಕ್ರೇನ್ ಸರ್ಕಾರದ ಮೂಲ ಪತ್ರ ಇದ್ದರೆ ಮಾತ್ರ ಬಿಡುತ್ತಿದ್ದರು. ಡಿಸೆಂಬರ್‌ಗೆ ಹೂಡಿಕೆ, ಪ್ರವಾಸ, ವಿಹಾರ ಹಡಗು ಕೂಡ ಬಂದ್. 2022ರ ಫೆಬ್ರುವರಿಯಲ್ಲಿ ಡೊನೆಟ್ಸ್ಕ್, ಲುಹಾನ್ಸ್ಕ್ ಪ್ರದೇಶಗಳಿಗೆ ಅಂಥದ್ದೇ ನಿಷೇಧ ಬರಲು ಎರಡು ದಿನ ಸಾಕಾಯಿತು. 1967ರಲ್ಲಿ ಹಿಡಿದ ಜಾಗದ ಸರಕಿಗೆ ಪಿನ್‌ಕೋಡ್ ಬರಲು 38 ವರ್ಷ, ಲೇಬಲ್‌ಗೆ 48 ವರ್ಷ. ಎರಡೂ ಪ್ರಕರಣ ತದ್ವತ್ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಆಕ್ರಮಿತ ಜಾಗದ ಸರಕನ್ನು ನಿಲ್ಲಿಸುವುದು ಹೇಗೆ ಅಂತ ಒಕ್ಕೂಟಕ್ಕೆ ಗೊತ್ತಿಲ್ಲ ಅಂತ ಯಾರೂ ಹೇಳಲು ಬರುವುದಿಲ್ಲ, ಅಲ್ವಾ?

ಗೊತ್ತಿದ್ದೂ ಯಾಕೆ ಆಗಲಿಲ್ಲ ಅಂದರೆ ಮತದ ನಿಯಮಕ್ಕೆ ಬರಬೇಕು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಲಿಫ್ಟ್ ರಿಪೇರಿಗೆ ಬಹುಮತ ಸಾಕು. ಟೆರೇಸ್ ಮೇಲೆ ಹೊಸದಾಗಿ ಏನಾದರೂ ಕಟ್ಟಬೇಕು ಅಂದರೆ ಎಲ್ಲ ಮಾಲೀಕರ ಸಹಿ ಬೇಕು. ಹಾಗಾಗಿ ಮೀಟಿಂಗಿನ ಅರ್ಧ ಸಮಯ ‘ಇದು ರಿಪೇರಿಯಾ, ಹೊಸ ಕಟ್ಟಡವಾ’ ಅನ್ನುವುದರಲ್ಲೇ ಹೋಗುತ್ತದೆ. ಒಕ್ಕೂಟದ ಕೇಂದ್ರ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲೂ ಅದೇ. ವಿದೇಶಾಂಗ ನೀತಿಯ ನಿರ್ಬಂಧ ಅಂದರೆ 27 ದೇಶಗಳೂ ಒಪ್ಪಬೇಕು. ಒಬ್ಬರು ಬೇಡ ಅಂದರೆ ಮುಗಿಯಿತು. ವ್ಯಾಪಾರ ನೀತಿ ಅಂದರೆ ಅರ್ಹ ಬಹುಮತ ಸಾಕು. ಹದಿನೈದು ದೇಶ, ಒಟ್ಟು ಜನಸಂಖ್ಯೆಯಲ್ಲಿ ಶೇ 65. ಅದೇ ಖರ್ಜೂರ, ಅದೇ ಪೆಟ್ಟಿಗೆ. ಕಡತದ ಮೇಲೆ ಯಾವ ವಿಧಿಯ ಸಂಖ್ಯೆ ಬರೆಯುತ್ತೀರಿ ಅನ್ನುವುದರ ಮೇಲೆ ಹಂಗೇರಿಗೆ ವಿಟೊ ಇದೆಯೋ ಇಲ್ಲವೋ ಅನ್ನುವುದು ನಿಂತಿದೆ.

ಇದು ಪುಸ್ತಕದ ಚರ್ಚೆ ಅಲ್ಲ. 2019ರಲ್ಲಿ ಏಳು ನಾಗರಿಕರು ಒಂದು ಅರ್ಜಿ ಹಾಕಿದರು. ಆಕ್ರಮಿತ ಪ್ರದೇಶಗಳ ಜೊತೆಗಿನ ವ್ಯಾಪಾರಕ್ಕೆ ಒಂದು ಸಾಮಾನ್ಯ ನಿಯಮ ಮಾಡಿ, ಯಾವ ದೇಶದ ಹೆಸರೂ ಬೇಡ ಅಂತ. ಆಯೋಗ ನೋಂದಣಿಯನ್ನೇ ನಿರಾಕರಿಸಿತು. ಇದು ನಿರ್ಬಂಧದ ವಿಷಯ, ಮೊದಲು ವಿದೇಶಾಂಗ ನೀತಿಯ ಸರ್ವಾನುಮತದ ತೀರ್ಮಾನ ಬೇಕು ಅಂದಿತು. ಅವರು ಕೋರ್ಟಿಗೆ ಹೋದರು. 2021ರ ಮೇ ತಿಂಗಳಲ್ಲಿ ಕೋರ್ಟು, ನೀವು ಕೊಟ್ಟ ಕಾರಣ ಸಾಲದು ಅಂತ ಆ ನಿರಾಕರಣೆಯನ್ನು ರದ್ದು ಮಾಡಿತು. ವ್ಯಾಪಾರ ನೀತಿಯಡಿ ಮಾಡಬಹುದಾ ಅನ್ನುವ ಮೂಲ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅರ್ಜಿ ನೋಂದಣಿಯಾಯಿತು, ಬೇಕಿದ್ದ ಹತ್ತು ಲಕ್ಷ ಸಹಿ ಬೀಳಲಿಲ್ಲ.

2024ರ ಜುಲೈ 19ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಸಲಹಾ ಅಭಿಪ್ರಾಯ ಕೊಟ್ಟಿತು. ಇಸ್ರೇಲಿನ ಇರುವಿಕೆಯೇ ಅಕ್ರಮ, ಆ ಸ್ಥಿತಿಯನ್ನು ಉಳಿಸಲು ನೆರವಾಗುವ ವ್ಯಾಪಾರ, ಹೂಡಿಕೆಯನ್ನು ತಡೆಯಲು ದೇಶಗಳು ಕ್ರಮ ತೆಗೆದುಕೊಳ್ಳಬೇಕು ಅಂತ. ಸಲಹಾ ಅಭಿಪ್ರಾಯ, ಆದೇಶ ಅಲ್ಲ. ಆದರೆ ಐರ್ಲೆಂಡ್‌ನಂಥ ದೇಶಗಳಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು.

2025ರಲ್ಲಿ ಎಲ್ಲ ಒಟ್ಟಿಗೆ ಬಂತು. ಒಪ್ಪಂದದ 2ನೇ ವಿಧಿ ಮಾನವ ಹಕ್ಕುಗಳ ಪಾಲನೆ ಮುಖ್ಯ ಅನ್ನುತ್ತದೆ. ಇಸ್ರೇಲ್ ಅದನ್ನು ಪಾಲಿಸುತ್ತಿದೆಯಾ ಅಂತ ಪರಿಶೀಲಿಸಿ ಎಂದು ನೆದರ್ಲೆಂಡ್ಸ್ ಕೇಳಿತು. ಮೇ 20ರ ಸಭೆಯಲ್ಲಿ 17 ದೇಶ ಬೆಂಬಲಿಸಿದವು. ಉಲ್ಲಂಘನೆಯ ಲಕ್ಷಣಗಳಿವೆ ಅಂತ ಜೂನ್‌ನಲ್ಲಿ ವರದಿ ಬಂತು. ಅದೇ ತಿಂಗಳು ಬೆಲ್ಜಿಯಂ ಮುಂದಾಳತ್ವದಲ್ಲಿ ಒಂಬತ್ತು ದೇಶಗಳು ವಸಾಹತುಗಳ ಜೊತೆ ವ್ಯಾಪಾರ ನಿಲ್ಲಿಸುವುದು ಹೇಗೆ ಅಂತ ಪ್ರಸ್ತಾವ ತನ್ನಿ ಎಂದು ಪತ್ರ ಬರೆದವು. ಬೆಲ್ಜಿಯಂ, ಫಿನ್ಲೆಂಡ್, ಐರ್ಲೆಂಡ್, ಲಕ್ಸೆಂಬರ್ಗ್, ಪೋಲೆಂಡ್, ಪೋರ್ಚುಗಲ್, ಸ್ಲೊವೇನಿಯಾ, ಸ್ಪೇನ್, ಸ್ವೀಡನ್. ಜುಲೈನಲ್ಲಿ ವಿದೇಶಾಂಗ ಮುಖ್ಯಸ್ಥೆ ಕಾಯಾ ಕಾಲ್ಲಾಸ್ ಹತ್ತು ಆಯ್ಕೆಗಳನ್ನು ಮೇಜಿನ ಮೇಲಿಟ್ಟರು. ಸದಸ್ಯ ದೇಶಗಳು ಒಂದನ್ನೂ ಒಪ್ಪಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ.

ಸೆಪ್ಟೆಂಬರ್ 17ರಂದು ಆಯೋಗ ತಂದ ಪ್ರಸ್ತಾವ ಆ ಒಂಬತ್ತು ದೇಶ ಕೇಳಿದ್ದಲ್ಲ. ವಸಾಹತುಗಳ ಸರಕನ್ನು ನಿಷೇಧಿಸುವ ಬದಲು ಇಡೀ ಇಸ್ರೇಲಿಗೆ ಕೊಟ್ಟಿರುವ ಸುಂಕ ರಿಯಾಯಿತಿಯನ್ನು ಅಮಾನತಿನಲ್ಲಿಡೋಣ ಅಂದಿತು. 580 ಕೋಟಿ ಯೂರೋ ಬೆಲೆಯ ಸರಕು, ವರ್ಷಕ್ಕೆ 22.7 ಕೋಟಿ ಯೂರೋ ಸುಂಕ. ಇದರ ವಿಚಿತ್ರ ನೋಡಿ. ವಸಾಹತುವಿನ ಖರ್ಜೂರ ಆಗಲೇ ಪೂರಾ ಸುಂಕ ಕಟ್ಟುತ್ತಿದೆ. ಅದಕ್ಕೆ ಈ ಕ್ರಮ ತಟ್ಟುವುದೇ ಇಲ್ಲ. ತಟ್ಟುವುದು ಹೈಫಾ, ಟೆಲ್ ಅವೀವ್ ಕಡೆಯ ಸರಕಿಗೆ. ಆಕ್ರಮಿತ ಜಾಗದ ಬಗ್ಗೆ ಶುರುವಾದ ಮಾತು ಆಕ್ರಮಿತ ಅಲ್ಲದ ಜಾಗಕ್ಕೆ ದಂಡ ಹಾಕುವಲ್ಲಿಗೆ ಬಂತು. ಯಾಕೆ? ಸುಂಕದ ರಿಯಾಯಿತಿ ಯಾವ ಅನುಮಾನವೂ ಇಲ್ಲದೆ ವ್ಯಾಪಾರ ನೀತಿ. ಅರ್ಹ ಬಹುಮತ ಸಾಕು. ಅದೇ ದಿನ ಇಸ್ರೇಲಿನ ಇಬ್ಬರು ಕಟ್ಟಾ ಬಲಪಂಥೀಯ ಮಂತ್ರಿಗಳ ಮೇಲೆ, ಹಿಂಸೆ ಮಾಡಿದ ವಸಾಹತುಗಾರರ ಮೇಲೆ ನಿರ್ಬಂಧದ ಪ್ರಸ್ತಾವವೂ ಬಂತು. ಅದಕ್ಕೆ ಸರ್ವಾನುಮತ ಬೇಕು, ಹಂಗೇರಿ ಅಡ್ಡ ನಿಂತಿತು.

ಬಹುಮತ ಸಾಕು ಅಂದರೂ ಸಿಕ್ಕಲಿಲ್ಲ. ಲೆಕ್ಕ ಹಾಕೋಣ, ಯಾರಾದರೂ ಮೊಬೈಲ್ ತೆಗೆಯಿರಿ. ಒಕ್ಕೂಟದ ಜನಸಂಖ್ಯೆ ಸುಮಾರು 45 ಕೋಟಿ. ತಡೆಯಬೇಕಾದರೆ ಕನಿಷ್ಠ ನಾಲ್ಕು ದೇಶ, ಶೇ 35ಕ್ಕಿಂತ ಜಾಸ್ತಿ ಜನ. ಅಂದರೆ 15.75 ಕೋಟಿ. ಜರ್ಮನಿ ಸುಮಾರು 8.35 ಕೋಟಿ. ಇಟಲಿ 5.9. ಜೆಕ್ 1.09. ಹಂಗೇರಿ 0.95. ಕೂಡಿದರೆ 16.29 ಕೋಟಿ. ಮುಗಿಯಿತು. ಉಳಿದ 23 ದೇಶ ಒಂದಾಗಿ ಕೈ ಎತ್ತಿದರೂ ಆಗುವುದಿಲ್ಲ. ಹಂಗೇರಿಯನ್ನು ಬಯ್ಯುವುದು ಸುಲಭ, ಎಲ್ಲರೂ ಬಯ್ಯುತ್ತಾರೆ. ಆದರೆ ಈ ಲೆಕ್ಕದಲ್ಲಿ ಹಂಗೇರಿ ಬರೀ ಚಿಲ್ಲರೆ. ಬಾಗಿಲು ಹಾಕಿರುವುದು ಬರ್ಲಿನ್ ಮತ್ತು ರೋಮ್.

ಜರ್ಮನಿಯ ಸಂಕಟ ಬೇರೆ ಥರದ್ದು. ಇಸ್ರೇಲಿನ ಭದ್ರತೆ ತಮ್ಮ ದೇಶದ ಅಸ್ತಿತ್ವದ ಕಾರಣಗಳಲ್ಲಿ ಒಂದು ಅಂತ 2008ರಲ್ಲಿ ಏಂಜೆಲಾ ಮರ್ಕೆಲ್ ಇಸ್ರೇಲಿ ಸಂಸತ್ತಿನಲ್ಲೇ ನಿಂತು ಹೇಳಿದ್ದರು. ಯಹೂದಿಗಳ ನರಮೇಧ ಮಾಡಿದ ದೇಶ ಯಹೂದಿ ದೇಶದ ಸರಕಿಗೆ ಬಹಿಷ್ಕಾರ ಹಾಕುವುದು ಹೇಗೆ ಅನ್ನುವ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಅದೇ ಜರ್ಮನಿ 2025ರ ಆಗಸ್ಟ್‌ನಲ್ಲಿ ಗಾಜಾದಲ್ಲಿ ಬಳಸಬಹುದಾದ ಶಸ್ತ್ರಗಳ ರಫ್ತನ್ನು ನಿಲ್ಲಿಸಿತ್ತು ಅನ್ನುವುದೂ ನೆನಪಿರಲಿ. ಅಕ್ಟೋಬರ್‌ನಲ್ಲಿ ಗಾಜಾದಲ್ಲಿ ಕದನವಿರಾಮ ಬಂದ ಮೇಲೆ ಸುಂಕದ ಪ್ರಸ್ತಾವ ಹಾಗೇ ಕೂತಿತು.

ಬ್ರಸೆಲ್ಸ್‌ನಲ್ಲಿ ಆಗದ್ದನ್ನು ಕೆಲವರು ಮನೆಯಲ್ಲೇ ಮಾಡಿಕೊಂಡರು. ಆಗಸ್ಟ್‌ನಲ್ಲಿ ಸ್ಲೊವೇನಿಯಾ ವಸಾಹತುಗಳ ಸರಕಿನ ಆಮದನ್ನು ನಿಷೇಧಿಸಿತು, ಒಕ್ಕೂಟದಲ್ಲಿ ಮೊದಲನೆಯದು. ಸೆಪ್ಟೆಂಬರ್ 23ಕ್ಕೆ ಸ್ಪೇನ್. ಬೆಲ್ಜಿಯಂ ಸರ್ಕಾರವೂ ತೀರ್ಮಾನಿಸಿತು. ನೆದರ್ಲೆಂಡ್ಸ್‌ನಲ್ಲಿ ವಿದೇಶಾಂಗ ಮಂತ್ರಿ ಕಾಸ್ಪರ್ ವೆಲ್ಡ್‌ಕಾಂಪ್ ಇನ್ನಷ್ಟು ಕ್ರಮಕ್ಕೆ ಸಂಪುಟ ಒಪ್ಪಲಿಲ್ಲ ಅಂತ ಆಗಸ್ಟ್ 22ಕ್ಕೆ ರಾಜೀನಾಮೆ ಕೊಟ್ಟರು. ಅವರ ಹಿಂದೆ ಅವರ ಪಕ್ಷದ ಮಂತ್ರಿಗಳೆಲ್ಲ ಹೊರಬಿದ್ದರು.

ವ್ಯಾಪಾರ ನೀತಿ ಒಕ್ಕೂಟದ ಕೈಯಲ್ಲಿರುವಾಗ ಒಂದು ದೇಶ ಹೀಗೆ ಮಾಡಬಹುದಾ? 2015ರ ಆಮದು ನಿಯಮದ 24ನೇ ವಿಧಿಯಲ್ಲಿ ಒಂದು ಕಿಂಡಿ ಇದೆ. ಸಾರ್ವಜನಿಕ ನೈತಿಕತೆ, ಸಾರ್ವಜನಿಕ ನೀತಿಯ ಕಾರಣಕ್ಕೆ ಸದಸ್ಯ ದೇಶ ಆಮದು ತಡೆಯಬಹುದು. ಕಿಂಡಿ ಸಣ್ಣದು, ಕೋರ್ಟು ಅದನ್ನು ಬಿಗಿಯಾಗಿಯೇ ಓದುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸೋರಿಕೆ. ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡ ಪೆಟ್ಟಿಗೆ ಆಮೇಲೆ ಐರೋಪ್ಯ ಸರಕೇ. ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾಗೆ ಲಾರಿಯಲ್ಲಿ ಹೋದರೆ ಗಡಿಯಲ್ಲಿ ಕೇಳುವವರಿಲ್ಲ. ಅದಕ್ಕೇ ನನಗೆ ಸ್ಲೊವೇನಿಯಾಗಿಂತ ಬೆಲ್ಜಿಯಂ, ನೆದರ್ಲೆಂಡ್ಸ್ ಮುಖ್ಯ ಅನ್ನಿಸುತ್ತದೆ. ಆಂಟ್ವರ್ಪ್ ಮತ್ತು ರಾಟರ್‌ಡ್ಯಾಮ್ ಅಲ್ಲಿವೆ. ಯುರೋಪಿಗೆ ಬರುವ ಹಣ್ಣು ಹಂಪಲಿನ ದೊಡ್ಡ ಹೆಬ್ಬಾಗಿಲು ಅದು.

ನಿಷೇಧದ ವಿರುದ್ಧ ಒಂದು ವಾದವನ್ನು ಪಕ್ಕಕ್ಕೆ ತಳ್ಳಬಾರದು. ವಸಾಹತುಗಳ ಕಾರ್ಖಾನೆ, ತೋಟಗಳಲ್ಲಿ ಕೆಲಸ ಮಾಡುವವರಲ್ಲಿ ಪ್ಯಾಲೆಸ್ಟೀನಿಯರೂ ಇದ್ದಾರೆ. ಸೋಡಾಸ್ಟ್ರೀಮ್ 2015ರಲ್ಲಿ ಮಿಶೋರ್ ಅದುಮಿಮ್ ಬಿಟ್ಟು ಇಸ್ರೇಲಿನೊಳಗಿನ ನೆಗೆವ್‌ಗೆ ಹೋದಾಗ ಅಂಥ ನೂರಾರು ಜನರ ಕೆಲಸ ಹೋಯಿತು. ಅವರ ಮನೆಯ ಅಡುಗೆ ಒಲೆಗೆ ಕಾನೂನಿನ ವಾದ ಬೇಕಿಲ್ಲ. ಆದರೂ ನೆಲ, ನೀರು ಕೈತಪ್ಪಿದವನಿಗೆ ಅದೇ ನೆಲದಲ್ಲಿ ಕೂಲಿ ಕೊಡುತ್ತೇವೆ ಅನ್ನುವುದು ಕೂಲಿಯ ಲೆಕ್ಕ ಆಗಬಹುದು, ನೆಲದ ಲೆಕ್ಕ ಆಗುವುದಿಲ್ಲ.

ಇನ್ನು ಸ್ಪೇನ್. ವಸಾಹತುಗಳ ವಿಷಯದಲ್ಲಿ ಅದರ ದನಿ ಗಟ್ಟಿ. ಪಶ್ಚಿಮ ಸಹಾರಾ ಬಂದಾಗ? 1975ರವರೆಗೆ ಸ್ಪೇನ್ ಕೈಯಲ್ಲೇ ಇದ್ದ ಜಾಗ ಅದು, ಈಗ ಬಹುಪಾಲು ಮೊರೊಕ್ಕೊ ಹಿಡಿತದಲ್ಲಿದೆ. ಅಲ್ಲಿನ ಜನರ ಒಪ್ಪಿಗೆ ಇಲ್ಲದೆ ಮೊರೊಕ್ಕೊ ಒಪ್ಪಂದವನ್ನು ಅಲ್ಲಿಗೆ ಎಳೆಯುವ ಹಾಗಿಲ್ಲ ಅಂತ ಐರೋಪ್ಯ ನ್ಯಾಯಾಲಯ 2016ರಲ್ಲಿ ಹೇಳಿತು, 2024ರ ಅಕ್ಟೋಬರ್ 4ರಂದು ಮತ್ತೆ ಹೇಳಿತು. ಅಲ್ಲಿಯ ಕರಬೂಜ ಹಣ್ಣು, ಟೊಮೆಟೊ ಮೇಲೆ ಪಶ್ಚಿಮ ಸಹಾರಾ ಅಂತಲೇ ಬರೆಯಬೇಕು ಎಂದಿತು. ಒಕ್ಕೂಟ ಮಾಡಿದ್ದೇನು? 2025ರ ಅಕ್ಟೋಬರ್ 3ರಂದು ಮೊರೊಕ್ಕೊ ಜೊತೆ ಹೊಸ ಏರ್ಪಾಟಿಗೆ ಸಹಿ ಹಾಕಿತು. ಲೇಬಲ್ ಮೇಲೆ ಮೊರೊಕ್ಕೊ ಆಡಳಿತ ಇಟ್ಟುಕೊಂಡಿರುವ ಪ್ರಾಂತ್ಯಗಳ ಹೆಸರು. ಸ್ಪೇನ್ ಇದರ ಪರ. ವಸಾಹತು ಸರಕಿಗೆ ನಿಷೇಧ ಹಾಕಿ ಇನ್ನೂ ಹದಿನೈದು ದಿನ ಆಗಿರಲಿಲ್ಲ! ಮೊರೊಕ್ಕೊ ಸ್ಪೇನಿನ ನೆರೆಮನೆ, ವಲಸೆಗಾರರ ದೋಣಿ ತಡೆಯುವುದು ಅದರ ಕೈಯಲ್ಲಿದೆ. ಇಸ್ರೇಲ್ ದೂರ. ನನಗೆ ಬೇರೆ ವಿವರಣೆ ಹೊಳೆಯುವುದಿಲ್ಲ.

ಪ್ರಶ್ನೆ: ಸರ್, ಇದರಲ್ಲಿ ಭಾರತ ಎಲ್ಲಿದೆ?

ಪ್ಯಾಲೆಸ್ಟೀನನ್ನು ನಾವು 1988ರಲ್ಲೇ ಮಾನ್ಯ ಮಾಡಿದವರು. ಯುರೋಪಿನ ಬಹಳ ದೇಶಗಳಿಗಿಂತ ಮೊದಲು. ಹೇಗ್ ಅಭಿಪ್ರಾಯದ ಮೇಲೆ 2024ರ ಸೆಪ್ಟೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ಬಿದ್ದಾಗ 124 ದೇಶ ಪರ, 14 ವಿರುದ್ಧ, 43 ತಟಸ್ಥ. ಭಾರತ ತಟಸ್ಥರ ಸಾಲಿನಲ್ಲಿತ್ತು. ಜರ್ಮನಿ, ಇಟಲಿ ಕೂಡ ಅದೇ ಸಾಲಿನಲ್ಲಿದ್ದವು. ನಾವು ಯುರೋಪಿನ ಇಬ್ಬಂದಿತನದ ಬಗ್ಗೆ ಮಾತಾಡುವಾಗ ಈ ಪಟ್ಟಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಪ್ರಶ್ನೆ: ಐರ್ಲೆಂಡ್ ಬಗ್ಗೆ ಇಷ್ಟು ಸುದ್ದಿ ಬರುತ್ತದೆ. ವಸಾಹತುಗಳಿಂದ ಅಲ್ಲಿಗೆ ಬರುವ ಸರಕಾದರೂ ಎಷ್ಟು?

ಸುಮ್ನೆ ನಗು ಬರುವಷ್ಟು ಕಡಿಮೆ. 2020ರಿಂದ 2024ರವರೆಗೆ ಒಟ್ಟು 6.85 ಲಕ್ಷ ಯೂರೋ ಅಂತ ಸರ್ಕಾರದ ಲೆಕ್ಕ. ವಸಾಹತುಗಳ ಜೊತೆಗಿನ ವ್ಯಾಪಾರ ನಿಷೇಧಿಸಲು ಸೆನೆಟರ್ ಫ್ರಾನ್ಸಿಸ್ ಬ್ಲ್ಯಾಕ್ 2018ರಲ್ಲೇ ಮಸೂದೆ ತಂದಿದ್ದರು. ಐರೋಪ್ಯ ಕಾನೂನಿಗೆ ವಿರುದ್ಧ ಅಂತ ಸರ್ಕಾರ ವರ್ಷಗಟ್ಟಲೆ ಅದನ್ನು ಮುಂದೆ ಬಿಡಲಿಲ್ಲ. ಹೇಗ್ ಅಭಿಪ್ರಾಯ ಬಂದ ಮೇಲೆ ದನಿ ಬದಲಾಯಿತು, 2025ರ ಜೂನ್‌ನಲ್ಲಿ ಸರ್ಕಾರವೇ ತನ್ನ ಕರಡು ತಂದಿತು. ಆದರೆ ಅದು ಸರಕಿಗೆ ಮಾತ್ರ. ಬ್ಲ್ಯಾಕ್ ಮಸೂದೆಯಲ್ಲಿ ಸೇವೆಗಳೂ ಇದ್ದವು.

ನಿಜವಾದ ಗುದ್ದಾಟ ಇರುವುದು ಸೇವೆಗಳ ಬಗ್ಗೆ. ಅಮೆರಿಕದ ದೊಡ್ಡ ದೊಡ್ಡ ಟೆಕ್ ಕಂಪನಿಗಳ ಯುರೋಪ್ ಕಚೇರಿ ಡಬ್ಲಿನ್‌ನಲ್ಲಿದೆ. ಪ್ರವಾಸಿಗಳಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯದೂ ಅಲ್ಲೇ. ಆ ಕಂಪನಿ 2018ರ ನವೆಂಬರ್‌ನಲ್ಲಿ ವೆಸ್ಟ್ ಬ್ಯಾಂಕ್ ವಸಾಹತುಗಳ ಮನೆಗಳನ್ನು ಪಟ್ಟಿಯಿಂದ ತೆಗೆಯುತ್ತೇವೆ ಅಂದಿತ್ತು. ಅಮೆರಿಕದಲ್ಲಿ ಕೇಸು ಬಿದ್ದವು. 2019ರ ಏಪ್ರಿಲ್‌ನಲ್ಲಿ ತೀರ್ಮಾನ ವಾಪಸ್. ಅಮೆರಿಕದ ಹಲವು ರಾಜ್ಯಗಳಲ್ಲಿ ಇಸ್ರೇಲ್ ಬಹಿಷ್ಕಾರದ ವಿರುದ್ಧ ಕಾನೂನುಗಳಿವೆ. ಡಬ್ಲಿನ್ ಸೇವೆಗಳನ್ನೂ ಸೇರಿಸಿದರೆ ಈ ಕಂಪನಿಗಳು ಎರಡು ಕಾನೂನುಗಳ ಮಧ್ಯೆ ಸಿಕ್ಕಿಕೊಳ್ಳುತ್ತವೆ. ಸೇವೆಗಳನ್ನೂ ಸೇರಿಸಿ ಅಂತ ಐರಿಷ್ ಸಂಸತ್ತಿನ ಸಮಿತಿ 2025ರ ಜುಲೈ ಕೊನೆಯಲ್ಲಿ ಶಿಫಾರಸು ಮಾಡಿತು. ಅಟಾರ್ನಿ ಜನರಲ್ ಏನು ಹೇಳುತ್ತಾರೆ ನೋಡಬೇಕು ಅನ್ನುತ್ತಿತ್ತು ಸರ್ಕಾರ, 2025ರಲ್ಲಿ.